ಮಗ್ಗದ ಗುಣಿಯಲ್ಲಿ ಕೂತ ಮಕ್ಕಳು

ಹೊಡೆಯುವ, ಕಚ್ಚುವ ಮಕ್ಕಳ ಶಾಲೆಗೆ ಕೆಲಸಕ್ಕೆ ಸೇರುವವರಿಗೆ ನನ್ನ ಮೊದಲ ಮಾತು ಇದು: ಕೂದಲನ್ನು ಬಿಗಿಯಾಗಿ ತುರುಬು ಕಟ್ಟಿರಿ, ಕಿವಿಯಲ್ಲಿ ತೂಗಾಡುವಂಥದ್ದು ಏನನ್ನೂ ಹಾಕಬೇಡಿ. ನನ್ನ ಎಡಗಿವಿಯ ಹಾಲೆ ಎರಡು ಸೀಳಾಗಿದೆ. ಕೆಲಸಕ್ಕೆ ಸೇರಿದ ಎರಡನೆಯ ದಿನ ಆದದ್ದು. ಓಲೆ ಜಗ್ಗಿದ ಹುಡುಗ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಂದು, "ಆಯಿ, ಇದು ನಿಂದ ಅನಸ್ತೈತಿ ನೋಡು" ಎಂದು ಮರಳಿ ಕೊಟ್ಟ. ಕದಿಯುವ ಬುದ್ಧಿಯ ಹುಡುಗನಲ್ಲ.

ಪ್ರೀತಿ, ತಾಳ್ಮೆ, ಕರುಣೆ ಇವೆಲ್ಲ ಆಮೇಲಿನ ಮಾತು. ಮೊದಲು ಕಿವಿ.

ನನ್ನ ಮೊಮ್ಮಗಳು ಇಂಥ ಮಕ್ಕಳಿಗೆ ಕಲಿಸುವ ಪರೀಕ್ಷೆ ಪಾಸು ಮಾಡಿದ್ದಾಳೆ. ಮುಂದಿನ ತಿಂಗಳು ಬಾಗಲಕೋಟೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅವಳ ಜೊತೆ ಓದಿದ ಹುಡುಗಿಯರೂ ನಾಲ್ಕು ಜನ ಮನೆಗೆ ಬಂದು, ಚಹ ಕುಡಿದು, "ಆಯಿ, ನಿಮ್ಮ ಕಾಲದಾಗ ಹೆಂಗಿತ್ತು ಅಂತ ಬರದು ಕೊಡ್ರಿ" ಎಂದು ಗಂಟುಬಿದ್ದರು. ನಾನು ಓದಿದ್ದು ಮೂರನೆಯ ಇಯತ್ತೆ. ಬರೆಯುತ್ತೇನೆ, ಆದರೆ ಒತ್ತಕ್ಷರ ಎಲ್ಲಿ ಬೀಳುತ್ತದೋ ಅಲ್ಲಿ ಬೀಳುತ್ತದೆ. ಮೊಮ್ಮಗಳಿಗೆ ಹೇಳಿದ್ದೇನೆ, ಕಾಗುಣಿತ ತಿದ್ದು, ನನ್ನನ್ನು ತಿದ್ದಬೇಡ ಎಂದು.

ಶಾಲೆ ಇದ್ದದ್ದು ಇಳಕಲ್ಲಿನಲ್ಲಿ. ತುರ್ತು ಪರಿಸ್ಥಿತಿ ಮುಗಿದ ಮೇಲಿನ ವರ್ಷಗಳು. ಆಗ ನಾವೆಲ್ಲ ವಿಜಾಪುರ ಜಿಲ್ಲೆಯವರು. ಬೇರೆ ಶಾಲೆಗಳು ಬೇಡವೆಂದು ಹೊರಗೆ ಹಾಕಿದ ಮಕ್ಕಳನ್ನು, ಅಂದರೆ ಹೊಡೆಯುವವರು, ಕಚ್ಚುವವರು, ಓಡಿಹೋಗುವವರು, ಹೆಡ್‌ಮಾಸ್ತರರ ಸೈಕಲ್ಲನ್ನು ಬಾವಿಗೆ ಹಾಕಿದವರು, ಇಂಥವರನ್ನೆಲ್ಲ ಕೂಡಿಸಿಕೊಂಡು ಗಲಗಲಿ ಮಾಸ್ತರರು ಒಂದು ಶಾಲೆ ತೆಗೆದಿದ್ದರು. ಬಾವಿಗೆ ಬಿದ್ದ ಸೈಕಲ್ಲು ಅವರದೇ. ಆ ಹುಡುಗನನ್ನು ಹೊರಗೆ ಹಾಕಲು ಮನಸ್ಸು ಬಾರದೆ, ತಾವೇ ಕೆಲಸ ಬಿಟ್ಟು ಹೊರಗೆ ಬಂದರಂತೆ. ಇಂಥ ತಲೆಯ ಮನುಷ್ಯ. ಮಕ್ಕಳು ಶಾಲೆಯಲ್ಲೇ ಉಂಡು ಅಲ್ಲೇ ಮಲಗುತ್ತಿದ್ದರು. ರೊಟ್ಟಿ ಬಡಿಯಲು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬೇಕಾಗಿತ್ತು. ನಾನು ಹೋದೆ.

"ಅನುಭವ ಏನೈತಿ ಸಂಗವ್ವ?" ಮಾಸ್ತರರು ಕೇಳಿದರು.

"ನಾಕು ಮಕ್ಕಳನ್ನ ಬೆಳಸೇನ್ರಿ. ಅತ್ತಿ ಸಂಗಾಟ ಹದಿನೈದು ವರ್ಷ ಬಾಳೇ ಮಾಡೇನಿ. ಒದಿಯೂ ಎಮ್ಮಿ ಹಿಂಡೇನಿ."

ಮಕ್ಕಳ ಸುದ್ದಿಗೂ ಅತ್ತೆಯ ಸುದ್ದಿಗೂ ತಲೆ ಎತ್ತದ ಮಾಸ್ತರರು ಎಮ್ಮೆಯ ಸುದ್ದಿಗೆ ತಲೆ ಎತ್ತಿದರು.

"ಆ ಎಮ್ಮಿ ಯಾವಾಗ ಒದೀತಿತ್ತು?"

"ಚರಿಗಿ ತುಂಬಿದ ಮ್ಯಾಲೆರಿ. ತುಂಬೂ ತನಕ ದೇವರಂಗ ನಿಂದರತಿತ್ತು."

"ನೀ ಏನ್ ಮಾಡ್ತಿದ್ದಿ?"

"ತುಂಬೂಕಿಂತ ಮೊದಲ ಎದ್ದು ಬಿಡ್ತಿದ್ದೆ."

"ನಾಳಿಂದ ಬಾ" ಎಂದರು.

ಶಾಲೆಯ ಕಟ್ಟಡವೆಂದರೆ ಹಳೆಯ ನೇಕಾರಿಕೆಯ ಶೆಡ್ಡು. ಯಜಮಾನ ಹನಮಂತಪ್ಪ ಮಗ್ಗಗಳನ್ನು ಬೇರೆ ಮನೆಗೆ ಸಾಗಿಸಿದ್ದ, ಆದರೆ ಮಗ್ಗದ ಗುಣಿಗಳನ್ನು ಸಾಗಿಸಲು ಬರುತ್ತದೆಯೇ? ಕಾಣದವರಿಗಾಗಿ ಹೇಳುತ್ತೇನೆ. ನಮ್ಮ ಕಡೆಯ ಸೀರೆಯ ಮಗ್ಗದಲ್ಲಿ ನೇಕಾರ ನೆಲದ ಮಟ್ಟದಲ್ಲಿ ಕೂಡುತ್ತಾನೆ. ಅವನ ಕಾಲುಗಳು ಕೆಳಗೆ, ಸೊಂಟದಷ್ಟು ಆಳದ ಗುಣಿಯಲ್ಲಿರುತ್ತವೆ. ತುಳಿಯುವ ಹಲಗೆಗಳು ಅಲ್ಲಿ ಕೆಳಗೇ. ಅಂಥ ಗುಣಿಗಳು ಒಂದೇ ಕೋಣೆಯಲ್ಲಿ ಎರಡು ಸಾಲಾಗಿ ಒಂಬತ್ತು ಇದ್ದವು. ಮಾಸ್ತರರು ಮಣ್ಣು ಹಾಕಿ ಮುಚ್ಚುತ್ತೇನೆಂದರು.

ಹನಮಂತಪ್ಪ ಒಪ್ಪಲಿಲ್ಲ. "ಗುಣಿ ಮುಚ್ಚಿದ್ರ ನಮ್ಮ ಮನಿತನಾನ ಮುಚ್ಚಿದಂಗ್ರಿ ಮಾಸ್ತರ. ನಮ್ಮಪ್ಪ ಅದರಾಗ ಕುಂತ ಸತ್ತಾನ. ಬೇಕಾದ್ರ ಗ್ವಾಡಿ ಕೆಡವ್ರಿ, ಗುಣಿ ಮುಟ್ಟಬ್ಯಾಡ್ರಿ."

ಪ್ರತಿ ಅಮಾವಾಸ್ಯೆಗೆ ಅವನ ಹೆಂಡತಿ ಅರಿಷಿಣ ಕುಂಕುಮ ತಂದು ಒಂಬತ್ತು ಗುಣಿಗೂ ಪೂಜೆ ಮಾಡಿ ಹೋಗುತ್ತಿದ್ದಳು. ಗುಣಿಯಲ್ಲಿ ಹುಡುಗ ಇದ್ದರೆ ಹುಡುಗನಿಗೂ ಕುಂಕುಮ ಹಚ್ಚಿ, ಕೈ ಮುಗಿದು, ಮುಂದಿನ ಗುಣಿಗೆ ನಡೆಯುತ್ತಿದ್ದಳು. ತಿಂಗಳಿಗೊಮ್ಮೆ ಪೂಜೆ ಮಾಡಿಸಿಕೊಂಡ ಮಕ್ಕಳಿಗೆ ಶಿಸ್ತು ಕಲಿಸುವುದು ಎಷ್ಟು ಕಷ್ಟ ಎಂದು ನಿಮ್ಮ ಪುಸ್ತಕದಲ್ಲಿ ಇರಲಿಕ್ಕಿಲ್ಲ.

ಮೊದಲು ನಾವು ಮಕ್ಕಳನ್ನು ಗುಣಿಗಳಿಂದ ದೂರ ಇಡಲು ನೋಡಿದೆವು. ಆಗಲಿಲ್ಲ. ತಾವು ಬೀಳುತ್ತಿದ್ದರು, ಇಲ್ಲವೇ ಇನ್ನೊಬ್ಬರನ್ನು ಕೆಡವುತ್ತಿದ್ದರು. ಆದರೆ ಒಂದು ವಾರದಲ್ಲಿ ನನ್ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಬಿದ್ದವರು ಮೇಲೆ ಬರುತ್ತಿರಲಿಲ್ಲ. ಒಳಗೇ ತಣ್ಣಗೆ ಕೂತಿರುತ್ತಿದ್ದರು. ಗುಣಿಯಲ್ಲಿ ಕೂತವನಿಗೆ ಪಕ್ಕದವನನ್ನು ಒದೆಯಲು ಬರುವುದಿಲ್ಲ. ಹಿಂದಿನಿಂದ ಯಾರೋ ಬಂದಾರೆಂಬ ಅಂಜಿಕೆ ಇಲ್ಲ. ಅಂಚಿನ ಮೇಲೆ ಪಾಟಿ ಇಟ್ಟರೆ ಬರೆಯಲಿಕ್ಕೂ ಆಯಿತು. ನಾನು ಮಾಸ್ತರರಿಗೆ ಹೇಳಿದೆ. ಅವರು ಎರಡು ದಿನ ಪುಸ್ತಕ ತಿರುವಿ ಇದಕ್ಕೊಂದು ಹೆಸರು ಹುಡುಕಿದರು. ಸಿಗಲಿಲ್ಲ. ಹೆಸರಿಲ್ಲದೆಯೇ ಶುರು ಮಾಡಿದೆವು. ಒಂಬತ್ತು ಗುಣಿ, ಒಂಬತ್ತು ಮಕ್ಕಳು. ಹತ್ತನೆಯವರನ್ನು ತೆಗೆದುಕೊಳ್ಳುತ್ತಿರಲಿಲ್ಲ.

ಪದ್ಧತಿಗಳು ಬದಲಾದದ್ದನ್ನೂ ಹೇಳಬೇಕು. ಮಾಸ್ತರರು ಒಂದು ತಿಂಗಳು ಬೆಂಗಳೂರಿಗೆ ತರಬೇತಿಗೆ ಹೋಗಿ ಬಂದರು. ಹೋಗುವಾಗ ಕೈಯಲ್ಲಿ ಬೆತ್ತವಿತ್ತು, ಬರುವಾಗ ಸೀಟಿ ಇತ್ತು. "ಇನ್ನ ಮ್ಯಾಲೆ ಹೊಡಿಯೂ ಹಂಗಿಲ್ಲ. ಸಿಟ್ಟು ಬಂದವರು ಒಂದರಿಂದ ಹತ್ತರ ತನಕ ಎಣಿಸಬೇಕು. ಅಷ್ಟರಾಗ ಸಿಟ್ಟು ಇಳೀತೈತಿ" ಎಂದರು.

ರಾಚಪ್ಪ ಎಂಬ ಹುಡುಗನಿದ್ದ. ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವವರ ಮಗ, ಕಲ್ಲು ಎಸೆಯುವುದರಲ್ಲಿ ಗುರಿ ತಪ್ಪಿದವನಲ್ಲ. ಅವನು ಈ ಪದ್ಧತಿಯನ್ನು ಬಹಳ ನಿಷ್ಠೆಯಿಂದ ಕಲಿತ. ಸಿಟ್ಟು ಬಂದರೆ ಕೈಯಲ್ಲಿ ಕಲ್ಲು ಹಿಡಿದು, ಎದುರಿನವನನ್ನು ನೆಟ್ಟಗೆ ನೋಡುತ್ತ, ಗಟ್ಟಿಯಾಗಿ ಒಂದರಿಂದ ಹತ್ತು ಎಣಿಸಿ, ಆಮೇಲೆ ಎಸೆಯುತ್ತಿದ್ದ. ಸಿಟ್ಟು ಇಳಿಯಲಿಲ್ಲ, ಆದರೆ ಎದುರಿನವರಿಗೆ ಓಡಲು ಪುರಸೊತ್ತು ಸಿಕ್ಕಿತು. ಒಂದೇ ತೊಡಕು. ಅವನಿಗೆ ಆಗ ಏಳರ ತನಕ ಮಾತ್ರ ಬರುತ್ತಿತ್ತು. ಹತ್ತಕ್ಕೆ ಬರಬೇಕಾದ ಕಲ್ಲು ಏಳಕ್ಕೇ ಬಂದು ಮಾಸ್ತರರ ಕನ್ನಡಕ ಹೋಯಿತು. ಮರುದಿನದಿಂದ ಎಲ್ಲ ಪಾಠ ಬಿಟ್ಟು ಅವನಿಗೆ ಎಂಟು, ಒಂಬತ್ತು, ಹತ್ತು ಕಲಿಸಿದೆವು. ಇಡೀ ಶಾಲೆ ಕೂತು ಕಲಿಸಿತು. ಗಣಿತವನ್ನು ಅಷ್ಟು ಮನಸ್ಸಿಟ್ಟು ಕಲಿಸಿದ ಶಾಲೆಯನ್ನು ನಾನು ಮತ್ತೆ ನೋಡಿಲ್ಲ.

ನನ್ನ ತಪ್ಪನ್ನೂ ಬರೆಯುತ್ತೇನೆ. ಒಬ್ಬ ಹುಡುಗ ನೆಲಕ್ಕೆ ಬಿದ್ದು ಹೊರಳಿ ಒದರುತ್ತಿದ್ದ. ತಡೆಯಲಾರದೆ ಅವನ ಬಾಯಿಗೆ ಒಂದು ಬೆಲ್ಲದ ಹರಳು ಇಟ್ಟೆ. ಕೂಡಲೇ ಸುಮ್ಮನಾದ. ನನ್ನಂಥ ಜಾಣೆ ಇಲ್ಲವೆಂದುಕೊಂಡೆ. ಮರುದಿನ ಮೂರು ಮಕ್ಕಳು ಹೊರಳಿದರು. ಅದರ ಮರುದಿನ ಆರು. ನಾಲ್ಕನೆಯ ದಿನ ಒಂಬತ್ತೂ ಮಕ್ಕಳು ಗುಣಿ ಬಿಟ್ಟು ಮೇಲೆ ಬಂದು, ಜಾಗ ಸಾಲದೆ ಪಾಳಿ ಹಚ್ಚಿ ಹೊರಳಿದರು. ಮೊದಲಿನ ಹುಡುಗ ಬಾಗಿಲಲ್ಲಿ ನಿಂತು, "ಹಂಗಲ್ಲಲೇ, ಕಾಲು ಮ್ಯಾಲೆ ಮಾಡು, ಆಯಿ ಕಾಣೂ ಹಂಗ" ಎಂದು ಉಳಿದವರಿಗೆ ಹೇಳಿಕೊಡುತ್ತಿದ್ದ. ಬೆಲ್ಲದ ಡಬ್ಬಿಯನ್ನು ಮನೆಗೆ ಒಯ್ದಿಟ್ಟೆ. ಹದಿನೈದು ದಿನ ಕಿವಿ ಮುಚ್ಚಿಕೊಂಡು ರೊಟ್ಟಿ ಬಡಿದೆ. ಆಮೇಲೆ ನಿಂತಿತು. ಒಂದು ಹರಳಿಗೆ ಹದಿನೈದು ದಿನ, ನೆನಪಿಟ್ಟುಕೊಳ್ಳಿ.

ಇನ್ನು ದ್ಯಾಮವ್ವನ ಸಂಗತಿ. ಈ ಬರಹ ಅವಳಿಗಾಗಿಯೇ ಎಂದರೂ ಸರಿ.

ಅವಳನ್ನು ತಂದವನು ಅವಳ ಅಜ್ಜ ಮಾಳಪ್ಪ. ಕುಳಗೇರಿ ಕ್ರಾಸಿನ ಆಚೆ ಅವರ ಊರು, ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಮೂರು ಬಸ್ಸು ಬದಲಿಸಿ ಬಂದಿದ್ದ. ಹುಡುಗಿಗೆ ಎಂಟೋ ಒಂಬತ್ತೋ ವರ್ಷ. ಕುರಿಯ ಉಣ್ಣೆಯ ಹಗ್ಗದ ಒಂದು ತುದಿ ಅವಳ ಸೊಂಟಕ್ಕೆ, ಇನ್ನೊಂದು ತುದಿ ಅಜ್ಜನ ಕೈಗೆ.

"ಕಚ್ಚತಾಳ್ರಿ" ಎಂದ. "ಎರಡು ವರ್ಷದಿಂದ ಯಾರ ಕೈಗೆ ಸಿಕ್ರೂ ಕಚ್ಚತಾಳ. ಕುರಿ ಕಾಯಾಕ ಹೋಗುವಾಗ ಹಟ್ಟಿ ಗೂಟಕ್ಕ ಕಟ್ಟಿ ಹೋಗ್ತೇವಿ. ಏನ್ ಮಾಡೂದ್ರಿ? ಕಟ್ಟಲಿಲ್ಲಂದ್ರ ಊರು ಕಚ್ಚತಾಳ, ಕಟ್ಟಿದ್ರ ಹಗ್ಗ ಕಚ್ಚತಾಳ. ಇದು ಐದನೇ ಹಗ್ಗ."

ಮಾಳಪ್ಪ ಕೆಟ್ಟವನಲ್ಲ. ಕಟ್ಟಿಹಾಕುವುದನ್ನು ಅವನು ಹೇಳಿದ್ದು, ಕೊಡೆ ಮರೆತರೆ ಮಳೆಯಲ್ಲಿ ನೆನೆಯುತ್ತೇವೆ ಎಂದು ಹೇಳಿದ ಹಾಗೆ. ಆದರೆ ನಾನು ಹುಡುಗಿಯ ಸೊಂಟ ತೊಳೆದವಳು. ಹಗ್ಗ ಕೂತ ಜಾಗದಲ್ಲಿ ಚರ್ಮ ಎಮ್ಮೆಯ ಕೊರಳಿನಂತೆ ಗಟ್ಟಿಯಾಗಿತ್ತು. ಸಣ್ಣ ಮಗುವಿಗೆ ಅಂಥ ಚರ್ಮ ಇರಬಾರದು.

ಬಂದ ಮೊದಲ ತಿಂಗಳು ಅವಳು ಮಾಸ್ತರರನ್ನು, ನನ್ನನ್ನು, ಹನಮಂತಪ್ಪನನ್ನು, ಪೂಜೆಗೆ ಬಂದ ಅವನ ಹೆಂಡತಿಯನ್ನು, ಕಾಗದ ತಂದ ಅಂಚೆಯವನನ್ನು ಕಚ್ಚಿದಳು. ಅಂಚೆಯವನು ಆಮೇಲೆ ಕಾಗದಗಳನ್ನು ಕಿಟಕಿಯಿಂದ ಒಳಗೆ ಎಸೆದು ಓಡುತ್ತಿದ್ದ. ಒಬ್ಬ ಹುಡುಗ ಊರಿಗೆ ಮರಳಿ ಹೋಗಿ ಮೂಲೆಯ ಗುಣಿ ಖಾಲಿ ಇತ್ತು, ಅವಳಿಗೆ ಅದನ್ನು ಕೊಟ್ಟೆವು. ಒಳಗಿಳಿದು, ಗೋಡೆಗೆ ಬೆನ್ನು ಹಚ್ಚಿ ಕೂತಳು. ಯಾರಾದರೂ ಗುಣಿಗೆ ಕೈ ಹಾಕಿದರೆ ಮಾತ್ರ ಕಚ್ಚುತ್ತಿದ್ದಳು. ನಾವು ಕೈ ಹಾಕುವುದನ್ನು ಬಿಟ್ಟೆವು. ಆರು ತಿಂಗಳಿಗೆ ಅಂಚಿನ ಮೇಲೆ ಇಟ್ಟ ರೊಟ್ಟಿಯನ್ನು ನನ್ನ ಎದುರಿಗೇ ತೆಗೆದುಕೊಂಡು ತಿನ್ನುವಷ್ಟು ಆದಳು. ಸೊಂಟದ ಚರ್ಮ ಮೆತ್ತಗಾಯಿತು. ಇಷ್ಟೇ. ಇದನ್ನು ಸುಧಾರಣೆ ಎಂದು ಯಾವ ಕಾಗದದಲ್ಲೂ ಬರೆಯಲು ಬರುವುದಿಲ್ಲ.

ಹೀಗಿರುವಾಗ ವಿಜಾಪುರದಿಂದ ಶಾಲೆ ತಪಾಸಣೆಗೆ ಒಬ್ಬ ಸಾಹೇಬರು ಬಂದರು. ಮೈಸೂರು ಕಡೆಯವರು, ಮಾತು ಅಚ್ಚುಕಟ್ಟು, ಬೂಟು ಅದಕ್ಕಿಂತ ಅಚ್ಚುಕಟ್ಟು. ಸುಡುಬಿಸಿಲಿನಿಂದ ಒಳಗೆ ಕಾಲಿಟ್ಟರು. ಕಣ್ಣಿಗೆ ಕತ್ತಲು. ನಿಧಾನಕ್ಕೆ ಕತ್ತಲು ಸರಿದಾಗ ಕಂಡದ್ದು, ನೆಲದಿಂದ ಒಂಬತ್ತು ಮಕ್ಕಳು ಎದೆಯ ತನಕ ಮೊಳೆತು ನಿಂತು ಅವರನ್ನೇ ನೋಡುತ್ತಿರುವುದು. ಅದರ ಹಿಂದಿನ ದಿನ ಅಮಾವಾಸ್ಯೆ. ದ್ಯಾಮವ್ವನ ಹೊರತು ಎಲ್ಲರ ಹಣೆಯಲ್ಲೂ ಕುಂಕುಮ.

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. "ಇವರನ್ನ ಯಾಕ್ರೀ ಹೂತಿದ್ದೀರಿ?"

"ಹೂತಿಲ್ಲ ಸಾಹೇಬ್ರ, ಕೂಡಿಸೇವಿ" ಎಂದರು ಮಾಸ್ತರರು.

ಅಂದಿನ ಮಾತು ಅಲ್ಲಿಗೇ ಮುಗಿಯಿತು. ತಿಂಗಳೊಳಗೆ ಕಾಗದ ಬಂತು, ಕಿಟಕಿಯಿಂದ. ಮಕ್ಕಳನ್ನು ಗುಂಡಿಯಲ್ಲಿ ಇಡಲಾಗಿದೆ, ಗುಂಡಿಗಳನ್ನು ಮುಚ್ಚತಕ್ಕದ್ದು, ಮತ್ತೊಮ್ಮೆ ಬಂದು ನೋಡಲಾಗುವುದು, ಮುಚ್ಚದಿದ್ದರೆ ಶಾಲೆ ಬಂದ್. ಕೆಳಗೆ ಇನ್ನೊಂದು ಸಾಲು. ಹಲ್ಲೆ ಮಾಡುವ ಮಕ್ಕಳೇನಾದರೂ ಕಂಡುಬಂದರೆ ಅವರನ್ನು ಅದೇ ದಿನ ಪಾಲಕರಿಗೆ ಒಪ್ಪಿಸತಕ್ಕದ್ದು. ಅಂಥವರ ಪಾಲಕರನ್ನು ಆ ದಿನ ಕರೆಸಿ ಕೂಡಿಸಿಕೊಂಡಿರತಕ್ಕದ್ದು.

"ಹೊಡಿಯೂ ಮಕ್ಕಳಿಗೇ ಅಲ್ಲೇನ್ರಿ ಈ ಸಾಲಿ ಇರೂದು?" ಎಂದು ಕೇಳಿದೆ.

"ಅವರಿಗೆ ಅದು ಗೊತ್ತಿಲ್ಲ ಅನಸ್ತೈತಿ" ಎಂದರು ಮಾಸ್ತರರು. ಅವರ ಮುಖ ಬಾಡಿತ್ತು. ಅಂಚೆಯವನನ್ನು ಕಚ್ಚಿದ ಸುದ್ದಿ ವಿಜಾಪುರಕ್ಕೆ ಮುಟ್ಟಿತ್ತು. ದ್ಯಾಮವ್ವನ ಹೆಸರು ಹಿಡಿದೇ ಕೇಳಿದ್ದರು. ಮಾಳಪ್ಪನಿಗೆ ಕಾರ್ಡು ಹಾಕಲೇಬೇಕಾಯಿತು.

ಹನಮಂತಪ್ಪ ಈ ಸಲವೂ ಗುಣಿ ಮುಚ್ಚಲು ಒಪ್ಪಲಿಲ್ಲ. "ಸರಕಾರ ಇವತ್ತ ಐತಿ, ನಾಳೆ ಇಲ್ಲ. ಗುಣಿ ಇರ್ತೈತಿ" ಎಂದ. ಕೊನೆಗೆ ಮಾಸ್ತರರೇ ಉಪಾಯ ತೆಗೆದರು. ಮಣ್ಣು ಹಾಕುವುದು ಬೇಡ, ಹಲಗೆ ಮುಚ್ಚೋಣ. ಮೇಲೆ ಚಾಪೆ ಹಾಸಿ ಮಕ್ಕಳನ್ನು ಕೂಡಿಸೋಣ. ಸಾಹೇಬರು ನೋಡಿಕೊಂಡು ಹೋಗಲಿ. ಹಳೆಯ ಚಕ್ಕಡಿ ಬಂಡಿ ಒಡೆದು, ಪ್ರತಿ ಗುಣಿಗೂ ಪಾತ್ರೆಯ ಮುಚ್ಚಳದ ಹಾಗೆ ಒಂದೊಂದು ಹಲಗೆ ಮಾಡಿಸಿದೆವು. ಎಂಟು ಗಟ್ಟಿ ಇದ್ದವು. ಒಂದಕ್ಕೆ ಗೆದ್ದಲು ಹತ್ತಿತ್ತು. ಅದನ್ನು ಮೂಲೆಗೆ ಹಾಕಿದೆವು, ಮೂಲೆಗೆ ಯಾರು ಹೋಗುತ್ತಾರೆ ಎಂದು. ಮೂಲೆಯ ಗುಣಿ ಯಾರದೆಂದು ಹೇಳಿದ್ದೇನೆ.

ಆ ದಿನ ಮಾಳಪ್ಪ ಬೆಳಿಗ್ಗೆಯೇ ಬಂದು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತ. ಪಕ್ಕಕ್ಕೆ ಗಂಟು. ಗಂಟಿನ ಮೇಲೆ ಹೊಸ ಹಗ್ಗ.

"ಈ ಸಲ ಎರಡು ಎಳಿ ಹೆಚ್ಚ ಹಾಕಿ ಹೊಸೆದೇನ್ರಿ" ಎಂದು ನನಗೆ ತೋರಿಸಿದ. "ಸಾಹೇಬರು ಒಯ್ಯಿ ಅಂದ್ರ ಒಯ್ತೇನಿ. ಒಯ್ಯಬ್ಯಾಡ ಅಂದ್ರ ಬಿಡ್ತೇನಿ. ನಾಳೆ ಕುರಿ ಹೊಡಕೊಂಡು ಹೊಳಿ ದಂಡಿಗೆ ಹೋಗಬೇಕು. ಈಕಿನ್ನ ಕಾಯಾಕ ಹಟ್ಟಿಯಾಗ ಗೂಟ ಬಿಟ್ಟು ಯಾರೂ ಇಲ್ಲ."

ಗುಣಿಯ ಅಂಚಿಗೆ ಬಂದು ನಿಂತಿದ್ದ ದ್ಯಾಮವ್ವ ಹಗ್ಗವನ್ನು ನೋಡಿದಳು. ಅಜ್ಜನನ್ನು ನೋಡಲಿಲ್ಲ.

ಮಕ್ಕಳನ್ನೆಲ್ಲ ಚಾಪೆಯ ಮೇಲೆ ಕೂಡಿಸಿ, "ಯಾರೂ ಏಳಬಾರದು" ಎಂದು ಹೇಳಿ, ನಾನು ಉಪ್ಪಿಟ್ಟು ತಿರುವಲು ಅಡಿಗೆಮನೆಗೆ ಹೋದೆ. ಜೀಪಿನ ಸದ್ದಾಯಿತು. ಮಾಸ್ತರರು ಹಾರ ಹಿಡಿದು ರಸ್ತೆಗೆ ಓಡಿದರು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಉಪ್ಪಿಟ್ಟಿನ ತಾಟು ಹಿಡಿದು ನಾನು ಬರುವಷ್ಟರಲ್ಲಿ ಸಾಹೇಬರು ಕೋಣೆಯೊಳಗೆ ನಿಂತಿದ್ದರು. ಕೋಣೆಯಲ್ಲಿ ಒಂದು ಮಗುವೂ ಇರಲಿಲ್ಲ. ಒಂಬತ್ತು ಚಾಪೆ, ಒಂಬತ್ತು ಪಾಟಿ. ಜೀಪಿನ ಸದ್ದಿಗೆ ಹೆದರಿ ಒಬ್ಬೊಬ್ಬರೂ ತಮ್ಮ ತಮ್ಮ ಹಲಗೆ ಎತ್ತಿ, ಒಳಗಿಳಿದು, ಮೇಲೆ ಮುಚ್ಚಳ ಎಳೆದುಕೊಂಡಿದ್ದರು. ಎಷ್ಟು ನೀಟಾಗಿ ಎಂದರೆ ಚಾಪೆ ಕೂಡ ಸರಿದಿರಲಿಲ್ಲ. ಯಾರೂ ಹೇಳದೆಯೇ ಒಂಬತ್ತೂ ಮಕ್ಕಳು ಒಟ್ಟಿಗೆ ಶಿಸ್ತಿನಿಂದ ನಡೆದುಕೊಂಡದ್ದು ಅದೊಂದೇ ದಿನ.

"ಮಕ್ಕಳೆಲ್ರೀ?" ಸಾಹೇಬರು ಕೇಳಿದರು.

"ಇಲ್ಲೇ ಇದ್ರಲ್ರಿ..." ಮಾಸ್ತರರು ಸುತ್ತ ನೋಡಿದರು.

ಆಗ ಸಾಹೇಬರ ಬೂಟಿನ ಕೆಳಗಿನಿಂದ ಒಂದು ದನಿ ಬಂತು. "ಒಂದು."

ಸಾಹೇಬರು ಕೆಳಗೆ ನೋಡಿದರು.

"ಎರಡು."

"ಏನ್ರೀ ಅದು?"

ಮಾಸ್ತರರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ರಾಚಪ್ಪರಿ. ಅವಗ ಸಿಟ್ಟು ಬಂದೈತಿ."

"ಮೂರು. ನಾಕು."

"ಎಣಿಸೋದು ಯಾಕೆ?"

"ಸಿಟ್ಟು ಇಳೀಲಿ ಅಂತರಿ. ಪುಸ್ತಕದಾಗ ಐತಿ."

"ಐದು."

"ಎಷ್ಟರವರೆಗೆ ಎಣಿಸ್ತಾನೆ?"

"ಹತ್ತರ ತನಕರಿ. ಮೊದಲ ಏಳ ಬರ್ತಿತ್ತು. ಈಗ ಪೂರಾ ಬರ್ತೈತಿ" ಎಂದರು ಮಾಸ್ತರರು. ಅಂಥ ಹೊತ್ತಿನಲ್ಲೂ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

"ಆರು. ಏಳು."

"ಹತ್ತಾದ ಮೇಲೆ?"

ಮಾಸ್ತರರು ನನ್ನ ಕಡೆ ನೋಡಿದರು. ನಾನೇ ಹೇಳಿದೆ. "ಹತ್ತಾದ ಮ್ಯಾಲೆ ಕಲ್ಲು ಹೊಡಿತಾನ್ರಿ. ನೀವು ನಿಂತಿದ್ದು ಅವನ ಹಲಗಿ ಮ್ಯಾಲೆ."

"ಎಂಟು" ಎನ್ನುವಷ್ಟರಲ್ಲಿ ಸಾಹೇಬರು ಪಕ್ಕಕ್ಕೆ ಹಾರಿದರು. ಪಕ್ಕಕ್ಕೆ ಇದ್ದದ್ದು ಮೂಲೆಯ ಹಲಗೆ.

ಹಪ್ಪಳ ಮುರಿದ ಹಾಗೆ ಸದ್ದಾಯಿತು. ಸಾಹೇಬರ ಬಲಗಾಲು ತೊಡೆಯ ತನಕ ಒಳಗೆ ಹೋಯಿತು, ಎಡಗಾಲು ಮೇಲೆ ಮಡಚಿಕೊಂಡಿತು. ಉಪ್ಪಿಟ್ಟಿನ ತಾಟನ್ನು ನೆಲಕ್ಕಿಟ್ಟೆ. ಅವರ ಕಾಲು ಈಗ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಮಾಸ್ತರರಿಗೆ ಗೊತ್ತಿತ್ತು, ಬಾಗಿಲಲ್ಲಿ ಕೂತ ಮಾಳಪ್ಪನಿಗೆ ಗೊತ್ತಿತ್ತು. ಆರು ತಿಂಗಳಿಂದ ಯಾರೂ ಕೈ ಹಾಕದ ಗುಣಿಯಲ್ಲಿ ಒಂದು ಇಡೀ ಕಾಲು ಇಳಿದಿತ್ತು. ಅವಳು ಕಚ್ಚಿದರೆ ಮುಗಿಯಿತು, ಹಗ್ಗ ಬಾಗಿಲಲ್ಲೇ ಇದೆ.

"ದ್ಯಾಮವ್ವ, ಸುಮ್ಮನಿರು ನಮ್ಮವ್ವ" ಎಂದೆ. ನಾನು ಮಕ್ಕಳಿಗೆ ಬೇಡಿಕೊಂಡವಳಲ್ಲ. ಅವತ್ತು ಬೇಡಿಕೊಂಡೆ.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಸಾಹೇಬರು ಚೀರಿದರು. "ಕಚ್ತು! ಏನೋ ಕಚ್ತು!"

ನಾನೂ ಮಾಸ್ತರರೂ ಎರಡು ಕಡೆ ಹಿಡಿದು ಅವರನ್ನು ಮೇಲಕ್ಕೆ ಎಳೆದೆವು. ಪ್ಯಾಂಟು ಹರಿದಿತ್ತು, ಮೀನಖಂಡದಿಂದ ರಕ್ತ ಇಳಿಯುತ್ತಿತ್ತು. ಅವರ ಹಿಂದೆಯೇ ಮುರಿದ ಹಲಗೆಯ ಸಂದಿಯಿಂದ ದ್ಯಾಮವ್ವನ ತಲೆ ಮೇಲೆ ಬಂತು. ತುಟಿಗೆ ರಕ್ತ. ಹಲ್ಲಿನ ನಡುವೆ ಬೆರಳುದ್ದದ ಕಟ್ಟಿಗೆಯ ಸಿಬಿರು.

ಮಾಳಪ್ಪ ಎದ್ದು ಬಂದ, ಸಾಹೇಬರನ್ನು ದಾಟಿ ಹೋಗಿ ಗುಣಿಯ ಮುಂದೆ ಕೂತು ಅಂಗೈ ಚಾಚಿದ.

"ಪೂರಾ ಬಂತೇನು?"

ಹುಡುಗಿ ಸಿಬಿರನ್ನು ಅವನ ಅಂಗೈಗೆ ಉಗುಳಿದಳು. ಅವನು ಅದನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಬಂದೈತಿ. ತುದಿ ಮುರಿದಿಲ್ಲ. ಚಲೋ ತಗದಿ." ಆಮೇಲೆ ಸಾಹೇಬರ ಕಡೆ ತಿರುಗಿ ಹೇಳಿದ. "ಕುರಿ ಕಾಲಾಗ ಮುಳ್ಳು ಮುರದ್ರ ಉಗರೀಗೆ ಸಿಗೂದಿಲ್ರಿ. ಕಾಲು ತೊಡಿಮ್ಯಾಲೆ ಹಾಕ್ಕೊಂಡು ಹಲ್ಲಿಲೆ ಜಗ್ಗಬೇಕು. ನಮ್ಮ ಹಟ್ಟಿಯಾಗ ಇದು ಹುಡುಗೂರ ಕೆಲಸ, ಅವರ ಹಲ್ಲು ಸಣ್ಣ. ಈಕಿ ನಾಕು ವರ್ಷದಾಕಿ ಇದ್ದಾಗಿಂದ ತಗೀತಾಳ. ಮನಸ್ಯಾರಿಗೆ ತಗದಿದ್ದು ಇದ ಮೊದಲು."

ಸಾಹೇಬರು ಗೋಡೆಗೆ ಒರಗಿ ಕೂತಿದ್ದರು. ಒಂಬತ್ತು, ಹತ್ತು ಕೇಳಿಸಲಿಲ್ಲ. ರಾಚಪ್ಪ ಹಲಗೆ ಸರಿಸಿ, ಕಲ್ಲು ಕೈಯಲ್ಲೇ ಇಟ್ಟುಕೊಂಡು, ಬಾಯಿ ತೆರೆದು ನೋಡುತ್ತಿದ್ದ. ಉಳಿದ ಮುಚ್ಚಳಗಳೂ ಒಂದೊಂದಾಗಿ ಮೇಲೆದ್ದವು.

ಆದರೂ ಸಾಹೇಬರು ಸಾಹೇಬರೇ. ಕಾಲಿಗೆ ನಾನು ಅರಿಷಿಣ ಒತ್ತಿ ಕಟ್ಟಿದ ಕೂಡಲೇ ಚೀಲದಿಂದ ಫಾರ್ಮು ತೆಗೆದರು. ಅದರಲ್ಲಿ ಪ್ರತಿ ಮಗುವಿಗೂ ಒಂದು ಕಾಲಂ: ಹಲ್ಲೆ ಮಾಡಿದೆಯೇ, ಹೌದು ಅಥವಾ ಇಲ್ಲ. "ಕಚ್ಚಿದ್ದಂತೂ ನಿಜ. ಹಲ್ಲಿನ ಗುರುತಿದೆ. ಆದರೆ..." ಎಂದು ಪೆನ್ನು ಹಿಡಿದು ಕೂತರು. ಕೊನೆಗೆ ನನ್ನ ಕಡೆ ನೋಡಿದರು. "ನೀವು ಕಣ್ಣಾರೆ ನೋಡಿದವರು. ನೋಡಿದ್ದನ್ನು ಬರೆದುಕೊಡಿ."

ಮಾಸ್ತರರು ಕಾಗದ ಕೊಡುವ ನೆವದಲ್ಲಿ ನನ್ನ ಕಿವಿಯ ಹತ್ತಿರ ಬಂದರು. "ಕಚ್ಚಿಲ್ಲ ಅಂತ ಬರಿ ಸಂಗವ್ವ. ಹಲಗಿ ಚುಚ್ಚಿತು ಅಂತ ಬರಿ. ಆಕಿ ಬಾಳೇ ನಿನ್ನ ಕೈಯಾಗ ಐತಿ."

ಸುಳ್ಳು ಹೇಳಲು ಬಾರದವರು ನನಗೆ ಸುಳ್ಳು ಬರೆಯಲು ಹೇಳುತ್ತಿದ್ದರು. ಸಾಹೇಬರ ಕಾಲಿನಲ್ಲಿ ಮೇಲೆ ನಾಲ್ಕು, ಕೆಳಗೆ ನಾಲ್ಕು ಹಲ್ಲಿನ ಗುರುತು ಅಚ್ಚೊತ್ತಿದ ಹಾಗೆ ಇತ್ತು. ಕಚ್ಚಿಲ್ಲ ಎಂದು ಬರೆದರೆ ನನ್ನ ಉಳಿದ ಮಾತನ್ನು ಯಾರು ನಂಬುತ್ತಾರೆ? ಮೂರನೆಯ ಇಯತ್ತೆ ಬಿಟ್ಟ ಮೇಲೆ ನಾನು ಸರಕಾರಕ್ಕೆ ಬರೆದ ಮೊದಲ ಕಾಗದ ಅದು. ಬಹಳ ಹೊತ್ತು ಹಿಡಿಯಿತು. ಬರೆದದ್ದು ಇಷ್ಟು:

"ಕಚ್ಚಿದಳು. ಸಿ‍ಬಿರು ಬಂತು. ಸಾಹೇಬರು ಒದರಿದರು. ಕುರಿಗಳು ಒದರುವುದಿಲ್ಲ ಎಂದು ಅವಳ ಅಜ್ಜ ಹೇಳುತ್ತಾನೆ. ಸಿಬಿರು ಇದರ ಜೊತೆಗೆ ಇದೆ. ಸಂಗವ್ವ."

ಸಾಹೇಬರು ಅದನ್ನು ಎರಡು ಸಲ ಓದಿದರು. ಮಾಳಪ್ಪನನ್ನು ಕೇಳಿದರು. "ಮುಳ್ಳು ತೆಗೆದ ಮೇಲೆ ಕುರಿ ಎಷ್ಟು ದಿನಕ್ಕೆ ನಡೆಯುತ್ತೆ?"

"ಆಗಿಂದಾಗ ನಡೀತಾವ್ರಿ. ಅವಕ್ಕ ಫಾರಂ ತುಂಬೂದಿರೂದಿಲ್ಲಲ್ರಿ."

ಸಾಹೇಬರು ನಗಲಿಲ್ಲ. ಸಿಬಿರನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡರು. ಉಪ್ಪಿಟ್ಟು ತಿಂದರು, ಪೂರ್ತಿ. ಕುಂಟುತ್ತ ಜೀಪು ಹತ್ತುವಾಗ, "ಆದೇಶ ಅಂಚೆಯಲ್ಲಿ ಬರುತ್ತೆ. ಅಲ್ಲೀತನಕ ಹುಡುಗಿ ಇಲ್ಲೇ ಇರಲಿ" ಎಂದರು.

ಮಾಳಪ್ಪ ಊರಿಗೆ ಹೋಗಲಿಲ್ಲ. ಕುರಿಗಳನ್ನು ಈ ಸಲ ಮನೆಯ ಉಳಿದವರು ಹೊಡೆದುಕೊಂಡು ಹೋಗುತ್ತಾರೆಂದ. ಹೋಗಿ ಮತ್ತೆ ಮೂರು ಬಸ್ಸು ಹಿಡಿದು ಬರುವುದೇಕೆ, ಒಯ್ಯಬೇಕಾದರೆ ಒಂದೇ ಸಲ ಒಯ್ಯುತ್ತೇನೆಂದ. ಹನ್ನೊಂದು ದಿನ ಪಡಸಾಲೆಯಲ್ಲಿ ಕೂತು ಉಣ್ಣೆ ನೂತ. ದ್ಯಾಮವ್ವ ಆ ಹನ್ನೊಂದು ದಿನ ಗುಣಿ ಬಿಟ್ಟು ಮೇಲೆ ಬರಲಿಲ್ಲ. ರೊಟ್ಟಿಯನ್ನೂ ನಾನು ಆಚೆ ತಿರುಗಿದ ಮೇಲೆಯೇ ತೆಗೆದುಕೊಂಡಳು. ಆರು ತಿಂಗಳ ಕೆಲಸ ನೀರಿಗೆ ಹೋಯಿತೆಂದುಕೊಂಡೆ.

ಹನ್ನೆರಡನೆಯ ದಿನ ಕಿಟಕಿಯಿಂದ ಕಾಗದ ಬಿತ್ತು. ಮಾಳಪ್ಪ ಗಂಟು ಹೆಗಲಿಗೆ ಹಾಕಿಕೊಂಡೇ ನಿಂತ. ಮಾಸ್ತರರು ನಿಂತು ಓದಿದರು.

"ಸದರಿ ಶಾಲೆಯ ನೆಲದ ಹಲಗೆಗಳು ಜೀವಕ್ಕೆ ಅಪಾಯಕಾರಿ ಎಂದು ಕಂಡುಬಂದಿರುತ್ತದೆ. ಹಲಗೆಗಳನ್ನು ಕೂಡಲೇ ತೆಗೆಯತಕ್ಕದ್ದು. ಮಕ್ಕಳನ್ನು ಮೊದಲು ಇದ್ದ ಜಾಗದಲ್ಲಿಯೇ ಕೂಡಿಸತಕ್ಕದ್ದು. ಹಲ್ಲೆಯ ಕಾಲಂ: ಅನ್ವಯಿಸುವುದಿಲ್ಲ."

"ಅಂದ್ರ?" ಮಾಳಪ್ಪ ಕೇಳಿದ.

"ಅಂದ್ರ ಇರ್ತಾಳ" ಎಂದೆ.

"ಆತು." ಗುಣಿಯ ಕಡೆ ತಿರುಗಿ, "ಬರ್ತೇನಿ" ಎಂದ. ಹೊರಟ. ಹಗ್ಗವನ್ನೂ ಒಯ್ದ. ಹೊಸದು, ಬಿಟ್ಟು ಹೋಗುವವನಲ್ಲ.

ಮಾಸ್ತರರಿಗೆ ಅವತ್ತು ಹಬ್ಬ. ಎಲ್ಲರಿಗೂ ಒಂದೊಂದು ಪೇಡೆ ಹಂಚಿದರು. ಮೇಜಿಗೆ ಕೂತು, ಈ ಹುಡುಗಿ ಸಂಪೂರ್ಣ ಸುಧಾರಿಸಿದ್ದಾಳೆ, ಈಗ ಅವಳು ಕಚ್ಚುವುದು ಪರೋಪಕಾರಕ್ಕಾಗಿ ಮಾತ್ರ ಎಂದು ಬೆಂಗಳೂರಿನ ತರಬೇತಿಯವರಿಗೆ ದೊಡ್ಡದೊಂದು ಪತ್ರ ಬರೆಯತೊಡಗಿದರು.

"ಸ್ವಲ್ಪ ತಡೀರಿ ಮಾಸ್ತರ" ಎಂದೆ. ಅವರು ಕೇಳಲಿಲ್ಲ.

ಸಂಜೆ ಊಟಕ್ಕೆ ಕೂಡಿಸಿದೆ. ದ್ಯಾಮವ್ವ ತಾನಾಗಿ ಗುಣಿಯಿಂದ ಮೇಲೆ ಬಂದು ಊಟದ ಸಾಲಿನಲ್ಲಿ ಕೂತಳು. ಬಂದಾಗಿನಿಂದ ಮೊದಲ ಸಲ. ನಾನು ನೋಡಿಯೂ ನೋಡದವಳಂತೆ ಬಗ್ಗಿ ಅವಳ ತಾಟಿಗೆ ರೊಟ್ಟಿ ಹಾಕಿದೆ. ನನ್ನ ಮುಂಗೈ ಹಿಡಿದು, ಮೂಳೆಗೆ ಮುಟ್ಟುವ ಹಾಗೆ ಕಚ್ಚಿದಳು. ಇಡೀ ಓಣಿಗೆ ಕೇಳುವಂತೆ ಬೈದೆ. ಆಮೇಲೆ ದೀಪದ ಹತ್ತಿರ ಹೋಗಿ, ಎಲ್ಲಿಯಾದರೂ ಒಂದು ಸಣ್ಣ ಮುಳ್ಳಾದರೂ ಇದ್ದೀತೆಂದು ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಏನೂ ಇರಲಿಲ್ಲ.